ದೊಡ್ಡಪ್ಪನ ರಕ್ತ ಮೆತ್ತಗಾದ ಮಳೆಗಾಲ

ಕಳೆದ ಭಾನುವಾರ ರಾಯಚೂರಿನ ಮೀನು ಮಾರ್ಕೆಟ್ಟಿನಲ್ಲಿ ಒಬ್ಬಾಕೆ ತನ್ನ ಥರ್ಮೊಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದಳು. ಕರಗುತ್ತಿದ್ದ ಐಸು, ಅದರೊಳಗಿನ ಮೀನು, ಒದ್ದೆಯಾದ ಥರ್ಮೊಕೋಲು ಮೂರೂ ಸೇರಿದ ತಣ್ಣನೆಯ ವಾಸನೆ ಮುಖಕ್ಕೆ ಬಡಿಯಿತು. ಜೊತೆಯಲ್ಲಿದ್ದ ಸಹೋದ್ಯೋಗಿ ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ಸರಿದಳು. ನಾನು ಅಲ್ಲೇ ನಿಂತು ಒಮ್ಮೆ ಚೆನ್ನಾಗಿ ಉಸಿರೆಳೆದುಕೊಂಡೆ. ನನ್ನ ಎಂ.ಡಿ. ಥೀಸಿಸ್ಸು ಮೊದಲಿನಿಂದ ಕೊನೆಯವರೆಗೆ ಇದೇ ವಾಸನೆಯಲ್ಲಿ ತಯಾರಾದದ್ದು. ಆ ಮಳೆಗಾಲ ಪೂರ್ತಿ ನಾನು ಇಂಥದೇ ಒಂದು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಔರಾದ್, ಭಾಲ್ಕಿ, ಬೀದರ್ ಎಂದು ಬಸ್ಸು ಹತ್ತಿ ಇಳಿದವಳು.

ಆಗ ನಾನು ಬೀದರಿನಲ್ಲಿ ಫಿಜಿಯಾಲಜಿ ಓದುತ್ತಿದ್ದೆ. ದೇಹದೊಳಗೆ ಯಾವುದು ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯುವ ವಿಭಾಗ. ಅಲ್ಲಿಗೆ ರೋಗಿಗಳು ಬರುವುದಿಲ್ಲವಾದ್ದರಿಂದ ನಮ್ಮ ಬಳಗದ ದೃಷ್ಟಿಯಲ್ಲಿ ನಾನು ಅರ್ಧ ಡಾಕ್ಟರು. ಅಪ್ಪ ಅಮ್ಮ ಹುಮನಾಬಾದಿನಲ್ಲಿ ಶಿಕ್ಷಕರು. ನಾನು ಬೀದರಿನ ನೌಬಾದದಲ್ಲಿ ಒಂದು ಖೋಲಿ ಹಿಡಿದು, ಮೆಸ್ಸಿನ ಡಬ್ಬಿ ತಿಂದು, ದಿನವೆಲ್ಲ ಲ್ಯಾಬಿನಲ್ಲಿರುತ್ತಿದ್ದೆ. ಗೈಡ್ ಆಗಿದ್ದವರು ಮೈಸೂರು ಕಡೆಯ ಪ್ರೊಫೆಸರು. ಸಿಟ್ಟು ಬಂದಷ್ಟೂ ಅವರ ದನಿ ಸಣ್ಣದಾಗುತ್ತಿತ್ತು. ಕೇಳಿಸದೇ ಹೋದರೆ ಪರಿಸ್ಥಿತಿ ಗಂಭೀರ ಎಂದರ್ಥ.

ಅವರು ನನಗೆ ಕೊಟ್ಟ ವಿಷಯವನ್ನು ಸರಳವಾಗಿ ಹೇಳುತ್ತೇನೆ. ನಮ್ಮ ರಕ್ತದ ಕೆಂಪು ಕಣ ಒಂದು ಪುಟ್ಟ ಬಿಲ್ಲೆಯ ಹಾಗಿರುತ್ತದೆ, ನಡುವೆ ಬೆರಳಿನಿಂದ ಒತ್ತಿದ ಹಾಗೆ ತಗ್ಗು. ಅದು ಹಾಯಬೇಕಾದ ಅತಿ ಸಣ್ಣ ರಕ್ತನಾಳಗಳು ಅದಕ್ಕಿಂತಲೂ ಸಣ್ಣವು. ಹಾಗಾಗಿ ಕಣ ಮಡಚಿಕೊಂಡು, ಉದ್ದವಾಗಿ, ಮೈ ಹಿಂಡಿಕೊಂಡು ತೂರಬೇಕು. ಮೆತ್ತಗಿದ್ದರೆ ತೂರುತ್ತದೆ. ಬಿರುಸಾದರೆ ತಡೆಯುತ್ತದೆ, ಹಿಂದಿನವನ್ನೂ ತಡೆಯುತ್ತದೆ. ಈ ಮೆತ್ತನೆಯ ಗುಣಕ್ಕೆ ನೈಟ್ರಿಕ್ ಆಕ್ಸೈಡ್ ಎಂಬ ಒಂದು ಅನಿಲ ಬೇಕು. ಅದನ್ನು ರಕ್ತನಾಳದ ಗೋಡೆಯೂ ತಯಾರಿಸುತ್ತದೆ, ಕೆಂಪು ಕಣವೂ ತನ್ನೊಳಗೆ ಒಂದಿಷ್ಟು ತಯಾರಿಸಿಕೊಳ್ಳುತ್ತದೆ. ನಾವು ನಡೆದಾಗ ರಕ್ತ ಜೋರಾಗಿ ಹರಿದು ಗೋಡೆಗೆ ಉಜ್ಜಿಕೊಳ್ಳುತ್ತದೆ, ಆಗ ಈ ಅನಿಲ ಹೆಚ್ಚು ಹುಟ್ಟುತ್ತದೆ. ಹಾಗಾದರೆ ದಿನವೆಲ್ಲ ನಡೆಯುವವರ ರಕ್ತ, ದಿನವೆಲ್ಲ ಕುರ್ಚಿಯಲ್ಲಿ ಕೂಡುವವರ ರಕ್ತಕ್ಕಿಂತ ಮೆತ್ತಗಿರುತ್ತದೆಯೇ? ಕೂಡುವವರ ರಕ್ತಕ್ಕೆ ಟ್ಯೂಬಿನಲ್ಲೇ ಈ ಅನಿಲ ಬಿಡುವ ಔಷಧ ಹಾಕಿದರೆ ಅದೂ ಮೆತ್ತಗಾಗುತ್ತದೆಯೇ? ಮಳೆಗಾಲದ ಮೊದಲಿಗೆ ಒಮ್ಮೆ, ದೀಪಾವಳಿಯ ಸುಮಾರಿಗೆ ಇನ್ನೊಮ್ಮೆ ಎರಡೂ ಗುಂಪಿನವರ ರಕ್ತ ತಂದು ನೋಡಬೇಕು. ಇಷ್ಟೇ ನನ್ನ ಕೆಲಸ.

ನಡೆಯುವವರನ್ನು ಹುಡುಕಿಕೊಂಡು ಔರಾದಿಗೆ ಹೋದೆ. ಅಲ್ಲಿನ ದವಾಖಾನೆಯಲ್ಲಿ ಕೆಲಸಕ್ಕಿದ್ದ ಗೆಳತಿಯೊಬ್ಬಳು ಹತ್ತಿರದ ಹಳ್ಳಿಯ ಕುರಿಗಾರರ ಹೆಸರು ಹೇಳಿದ್ದಳು. ಅವರಿಗೆಲ್ಲ ಹಿರಿಯ ಮಲ್ಕಪ್ಪ. ಐವತ್ತು ದಾಟಿದ ಆಳು, ಬೀಡಿ ಇಲ್ಲ, ಎಲೆ ಇಲ್ಲ. ಹೆಸರುಕಾಳಿನ ಹೊಲದ ಬದುವಿನಲ್ಲಿ ಕಂಬಳಿ ಹೊದ್ದು ನಿಂತಿದ್ದ. ನಾನು ಬಂದ ಕಾರಣ ಹೇಳಿದೆ.

"ರಕ್ತಾ ತಗೊಂಡು ಏನ್ ಮಾಡ್ತೀರಿ?" ಎಂದ.

"ಸೋಸ್ತೇನಿ."

"ಚಹಾ ಸೋಸ್ದಂಗಾ?"

"ಹಂಗೇ ಅನ್ರಿ. ಭಾಳ ಸಣ್ಣ ತೂತಿನ ಜರಡಿ ಇರ್ತದ. ರಕ್ತ ಮೆತ್ತಗಿದ್ರ ಜಲ್ದಿ ಇಳೀತದ, ಬಿರಸಿದ್ರ ತಡಾ ಆಗ್ತದ."

"ಮುಂದ ಪಾಸೋ ಫೇಲೋ ಹೇಳ್ತೀರಿಲ್ಲ?"

"ಇದರಾಗ ಪಾಸು ಫೇಲು ಏನಿಲ್ರಿ. ಒಬ್ಬೊಬ್ಬರದ ಹೇಳಂಗೂ ಇಲ್ಲ."

"ಹಂಗಿದ್ರ ಬ್ಯಾಡ್ರಿ," ಎಂದು ಮಲ್ಕಪ್ಪ ಕುರಿಗಳ ಕಡೆ ತಿರುಗಿದ. "ಪರೀಕ್ಷಾ ಅಂದಮ್ಯಾಲ ಪಾಸು ಫೇಲು ಇರಬೇಕು. ನಾ ಒಂದೇ ಸಲ ಪರೀಕ್ಷಾಕ್ಕ ಕುಂತೀನಿ. ಸಾಯಗಾಂವದಾಗ ಸೋದರಮಾವನ ಮನ್ಯಾಗಿದ್ದು ಸಾಲಿಗಿ ಹೋಗ್ತಿದ್ದೆ. ಏಳನೇ ಕ್ಲಾಸಿನಾಗ ಸಾಮುವೇಲ್ ಮಾಸ್ತರ್ ಫೇಲ್ ಮಾಡಿದ್ರು. ಮರುದಿನನೇ ನಮ್ಮಪ್ಪ ಕುರಿ ಹಿಂದ ಹಚ್ಚಿದ."

"ಸಾಮುವೇಲ್ ಮಾಸ್ತರ್ ಅಂದ್ರ ಈಗ ಭಾಲ್ಕ್ಯಾಗ ಇದ್ದಾರಲ್ಲ, ಅವರಾ? ಅವರು ನಮ್ಮ ದೊಡ್ಡಪ್ಪ ರೀ."

ಮಲ್ಕಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅವರ ರಕ್ತನೂ ಸೋಸವ್ರಿದ್ದೀರೇನು?"

"ಹೌದ್ರಿ. ಅವರು ಕೂಡೋರ ಗುಂಪಿನಾಗ."

ಅವನು ಕಂಬಳಿ ತೆಗೆದು ಬದುವಿಗೆ ಹಾಕಿ, ಅಂಗಿಯ ತೋಳು ಮೇಲೇರಿಸಿ ಕೈ ಮುಂದೆ ಚಾಚಿದ. "ತಗೋರಿ ಡಾಕ್ಟ್ರಬಾಯಿ. ಎಷ್ಟ ಬೇಕಷ್ಟ ತಗೋರಿ." ಉಳಿದ ಕುರಿಗಾರರನ್ನೂ ಅವನೇ ಕೂಗಿ ಕರೆದ.

ಕೂಡುವವರ ಗುಂಪು ಸಿಗುವುದು ಕಷ್ಟವಾಗಲಿಲ್ಲ. ಭಾಲ್ಕಿಯಲ್ಲಿ ದೊಡ್ಡಪ್ಪನ ಮನೆಯಿತ್ತು, ಮನೆಯ ಮುಂದೆ ವರಾಂಡವಿತ್ತು, ವರಾಂಡದಲ್ಲಿ ಆರಾಮ ಕುರ್ಚಿ, ಕುರ್ಚಿಯಲ್ಲಿ ದೊಡ್ಡಪ್ಪ. ಸಾಮುವೇಲ್ ಮಾಸ್ತರ್ ಹಳ್ಳಿ ಸಾಲೆಗಳಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಕುರ್ಚಿಯಿಂದಲೇ ಬೀದಿಯ ಮಕ್ಕಳಿಗೆ ಮಗ್ಗಿ ಕೇಳುತ್ತಿದ್ದರು, ಕುರ್ಚಿಯಿಂದಲೇ ಚರ್ಚಿನ ಕಮಿಟಿ ನಡೆಸುತ್ತಿದ್ದರು. ಭಾನುವಾರ ಆರಾಧನೆಗೆ ಹೋಗಲೂ ಅವರಿಗೆ ಆಟೊ ಬೇಕು, ಚರ್ಚು ಮಾತ್ರ ಎರಡು ಬೀದಿ ಆಚೆ. ಎಲ್ಲರೂ ಅವರನ್ನು ಸೋಮಾರಿ ಎಂದು ತಿಳಿದಿದ್ದೆವು. ಅವರಿಗೂ ಅದರಲ್ಲಿ ಬೇಸರವಿದ್ದಂತೆ ಕಾಣಲಿಲ್ಲ.

"ನಿಂದ ಏನ್ ರಿಸರ್ಚ್ ಅದ, ತಿಳ್ಯೋಹಂಗ ಹೇಳು," ಎಂದರು. ಹೇಳಿದೆ. ಅನಿಲ ಎಂದರೆ ತಿಳಿಯದೇನೋ ಎಂದು ಗ್ಯಾಸ್ ಎಂದೆ.

ಒಳಗೆ ರೊಟ್ಟಿ ಬಡಿಯುತ್ತಿದ್ದ ದೊಡ್ಡಮ್ಮನ ದನಿ ಬಂತು. "ಗ್ಯಾಸ್ ಇವರಿಗಿ ಮೊದಲಿಂದ ಭಾಳ ಅದ ಶೀಲಾ. ಅದಕ್ಕ ರಿಸರ್ಚ್ ಬೇಕಾಗಿಲ್ಲ." ದೊಡ್ಡಮ್ಮ ನಲವತ್ತು ವರ್ಷ ನರ್ಸ್ ಆಗಿ ದುಡಿದವರು. ರೋಗಿಗಳ ಬಗ್ಗೆ ಅವರಿಗೆ ದಯೆಯಿತ್ತು, ಗಂಡನ ಬಗ್ಗೆ ತಿಳುವಳಿಕೆಯಿತ್ತು.

ದೊಡ್ಡಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. "ಇದರಾಗ ನಂದೇನ್ ಪಾತ್ರ?"

"ನೀವು ಕಂಟ್ರೋಲ್ ಗ್ರೂಪಿನಾಗ ಇರ್ತೀರಿ ದೊಡ್ಡಪ್ಪ."

ಕಂಟ್ರೋಲ್ ಎಂಬ ಶಬ್ದ ಅವರ ಮುಖದ ಮೇಲೆ ನಿಧಾನವಾಗಿ ಬೆಳಗಿತು. ಜೀವಮಾನವೆಲ್ಲ ಮಾಡಿದ್ದು ಅದನ್ನೇ. "ಬರೋಬರ್ ಅದ," ಎಂದರು. "ಎಷ್ಟು ಮಂದಿ ಬೇಕು ನಿನಗ?"

ನಾನು ನಿಯಮದ ಪ್ರಕಾರ ಕೇಳಬೇಕಾದ್ದನ್ನು ಕೇಳಿದೆ. ಬೀಡಿ, ಸಿಗರೇಟು?

"ಛೇ," ಎಂದರು. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ನಡೀವಾಗ ಕಾಲು ನೋವ್ ಬರ್ತದೇನ್ರಿ?"

"ನಾ ಎಲ್ಲಿ ನಡೀತೇನಿ, ನೋವು ಬರ್ಲಿಕ್ಕ?"

ಇಬ್ಬರೂ ನಕ್ಕೆವು. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ದೊಡ್ಡಪ್ಪ ನಿವೃತ್ತ ಶಿಕ್ಷಕರು, ನಿವೃತ್ತ ಗುಮಾಸ್ತರು, ಕೂತು ಕೆಲಸ ಮಾಡುವವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. "ಇವತ್ತಿಂದ ನಾವು ಕಂಟ್ರೋಲ್," ಎಂದು ಘೋಷಿಸಿದರು. ಯಾರೂ ಅರ್ಥ ಕೇಳಲಿಲ್ಲ. ಅವರ ಮುಂದೆ ಯಾರೂ ಕೇಳುವುದಿಲ್ಲ.

ಆಮೇಲೆ ಆ ಪೆಟ್ಟಿಗೆಯ ಕಾಲ. ರಕ್ತವನ್ನು ಅದೇ ದಿನ ಸಂಜೆಯೊಳಗೆ ಸೋಸಬೇಕು, ಅಲ್ಲಿಯವರೆಗೆ ತಂಪಾಗಿಡಬೇಕು. ನನಗೆ ತಕ್ಷಣಕ್ಕೆ ಸಿಕ್ಕಿದ್ದು ಬೀದರಿನ ಮೀನಿನವನ ಹಳೆಯ ಪೆಟ್ಟಿಗೆ. ಸೋಪು, ನಿಂಬೆಹಣ್ಣು, ಫಿನೈಲು ಎಲ್ಲ ಹಾಕಿ ತೊಳೆದೆ. ಮೀನು ಬಿಟ್ಟು ಹೋಗಲಿಲ್ಲ. ಔರಾದ್ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಮೊದಲ ದಿನವೇ ಕೇಳಿದಳು, "ಯಾವ ಮೀನಾ ರೀ?"

"ಮೀನಲ್ರಿ."

"ಮತ್ತೇನದ?"

ನಾನಿನ್ನೂ ಪ್ರಾಮಾಣಿಕತೆಯನ್ನು ನಂಬಿದ್ದ ದಿನಗಳು. "ರಕ್ತ ರೀ," ಎಂದೆ.

ಆಕೆ ಎದ್ದು ಹಿಂದೆ ಹೋದಳು. ಮುಂದಿನ ಸೀಟಿನವರು ತಿರುಗಿ ನೋಡಿ ಅವರೂ ಹೋದರು. ಕಂಡಕ್ಟರ್ ಬಂದು, ಯಾರದು, ಎಷ್ಟು, ಯಾಕೆ ಎಂದು ವಿಚಾರಿಸಿದ. ಕಾಲೇಜಿನ ಗುರುತಿನ ಚೀಟಿ ನೋಡಿದ ಮೇಲೂ ಅವನಿಗೆ ಸಮಾಧಾನವಾಗದೆ, ಬೀದರ್ ಬರುವವರೆಗೂ ನನ್ನ ಮೇಲೆ ಒಂದು ಕಣ್ಣಿಟ್ಟಿದ್ದ. ಮುಂದಿನ ಸಲದಿಂದ ಯಾರು ಕೇಳಿದರೂ ಮೀನು ಎಂದೆ. ಆಗ ಇನ್ನೊಂದು ತೊಂದರೆ. ಕಿಲೋಕ್ಕೆ ಹೆಂಗೆ ಎಂದು ಕೇಳುವವರು, ಮುಚ್ಚಳ ತೆಗಿ ನೋಡೋಣ ಎನ್ನುವವರು. ಒಬ್ಬರಂತೂ ಮಗಳು ಅಳಿಯ ಬಂದಿದ್ದಾರೆ, ಅರ್ಧ ಕಿಲೋ ಕೊಡಲೇಬೇಕು ಎಂದು ಅವರ ಊರು ಬರುವವರೆಗೂ ಜಗಳವಾಡಿದರು.

ಮೊದಲ ಸುತ್ತು ಮುಗಿಯಿತು. ಪ್ರತಿಯೊಬ್ಬರ ರಕ್ತವನ್ನೂ ಎರಡು ಟ್ಯೂಬಿಗೆ ಹಂಚಿ, ಒಂದಕ್ಕೆ ನೈಟ್ರಿಕ್ ಆಕ್ಸೈಡ್ ಬಿಡುವ ಔಷಧ ಹಾಕಿ, ಇನ್ನೊಂದಕ್ಕೆ ಹಾಕದೆ, ಜರಡಿಗೆ ಬಿಟ್ಟು ಗಡಿಯಾರ ಹಿಡಿದು ಕೂತಿದ್ದೆ. ಕುರಿಗಾರರ ರಕ್ತ ಔಷಧ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ, ಸರಾಗವಾಗಿ ಇಳಿದುಹೋಯಿತು. ಭಾಲ್ಕಿಯವರದು ನಿಧಾನ. ಔಷಧ ಹಾಕಿದ ಟ್ಯೂಬಿನಲ್ಲಿ ಮಾತ್ರ ಸ್ವಲ್ಪ ಚುರುಕು. ಎಲ್ಲಕ್ಕಿಂತ ನಿಧಾನ ದೊಡ್ಡಪ್ಪನದು. ಅದು ಎಷ್ಟು ಹೊತ್ತು ತಗೊಂಡಿತೆಂದರೆ, ಗೈಡ್ ಜರಡಿಯೇ ಕಟ್ಟಿಕೊಂಡಿರಬೇಕೆಂದು ಬೇರೆ ಹಾಕಿಸಿದರು. ಆಮೇಲೂ ಅಷ್ಟೇ. "ವಯಸ್ಸು ಇರಬೇಕು," ಎಂದರು. ನಾನೂ ಹಾಗೇ ಅಂದುಕೊಂಡೆ.

ಮಲ್ಕಪ್ಪ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಒಬ್ಬೊಬ್ಬರದು ಹೇಳುವ ಹಾಗಿಲ್ಲ ಎಂದು ಎಷ್ಟು ಹೇಳಿದರೂ ಬಿಡಲಿಲ್ಲ. ಕೊನೆಗೆ, ಒಟ್ಟಾರೆ ನಡೆಯುವವರ ರಕ್ತ ಮೆತ್ತಗಿದೆ, ಕೂಡುವವರದು ಬಿರುಸಾಗಿದೆ ಎಂದಷ್ಟೇ ಹೇಳಿದೆ. ಅವನಿಗೆ ಅಷ್ಟು ಸಾಕಾಯಿತು. ಮುಂದಿನ ಸಲ ಕುರಿ ಮಾರಲು ಭಾಲ್ಕಿಗೆ ಹೋದವನು ನೆಟ್ಟಗೆ ದೊಡ್ಡಪ್ಪನ ವರಾಂಡದ ಮುಂದೆ ನಿಂತನಂತೆ. ನಮಸ್ಕಾರ ಮಾಡಿ, ಗುರುತು ಹೇಳಿ, ಚಹಾ ಕುಡಿದು, ಏಳುವಾಗ ವಿನಯದಿಂದಲೇ ಹೇಳಿದನಂತೆ: "ಸರ್, ಈ ಸಲದ್ ಪರೀಕ್ಷಾದಾಗ ನಾ ಪಾಸಾಗೇನ್ರಿ. ನಿಮ್ ಕ್ಲಾಸ್ ಪೂರಾ ಫೇಲ್ ಆಗ್ಯಾದಂತ."

ಅರ್ಧ ಗಂಟೆಯಲ್ಲಿ ನನಗೆ ಫೋನು ಬಂತು.

"ಕಂಟ್ರೋಲ್ ಅಂದ್ರ ಏನು?" ದೊಡ್ಡಪ್ಪನ ದನಿ ಸಾಲೆಯ ಬೆಳಗಿನ ಅಸೆಂಬ್ಲಿಯದು.

"ಹೋಲಿಸಿ ನೋಡ್ಲಿಕ್ಕ ಇಟ್ಟ ಗುಂಪು ರೀ."

"ಖಾಲಿ ಕುಂತವರ ಗುಂಪು ಅಂದಂಗಾತು."

"ಹಂಗಲ್ಲ ದೊಡ್ಡಪ್ಪ..."

"ನಾ ಫೇಲ್ ಮಾಡಿದ ಹುಡುಗ ನನ್ನ ವರಾಂಡದಾಗ ಕುಂತು, ನನ್ನ ಚಹಾ ಕುಡದು, ನನಗ ಫೇಲ್ ಅಂದ. ಇಡ್ತೇನಿ."

ಆ ಭಾನುವಾರ ಅವರು ಚರ್ಚಿನಲ್ಲಿ ಎದ್ದು ನಿಂತರಂತೆ. ನಾಳೆಯಿಂದ ಎಲ್ಲರೂ ಬೆಳಗ್ಗೆ, ಸಂಜೆ ನಡೆಯತಕ್ಕದ್ದು. ಮಳೆ ಬಂದರೆ ಕೊಡೆ ಹಿಡಿಯತಕ್ಕದ್ದು. ಕೂಡುವವರೆಲ್ಲ ನಡೆಯತೊಡಗಿದರು. ಪಿಯಾನೊ ನುಡಿಸುವ ಮೇಡಂ, ಖಜಾನೆಯಲ್ಲಿ ಗುಮಾಸ್ತರಾಗಿದ್ದವರು, ಗಣಿತದ ಮೇಷ್ಟ್ರು, ಎಲ್ಲರೂ ಕ್ಯಾನ್ವಾಸ್ ಬೂಟು ಹಾಕಿಕೊಂಡು ಭಾಲ್ಕಿಯ ರಸ್ತೆಗೆ ಇಳಿದರು. ಸುದ್ದಿ ಗೈಡ್‌ಗೆ ಹೇಳಿದೆ. ಅವರು ತುಟಿ ಅಲ್ಲಾಡಿಸಿದರು, ಏನೂ ಕೇಳಿಸಲಿಲ್ಲ. ಹತ್ತಿರ ಹೋಗಿ ಕಿವಿಗೊಟ್ಟೆ.

"ಕಂಟ್ರೋಲ್ ಗುಂಪು ಕಂಟ್ರೋಲ್ ತಪ್ಪಿದೆಯಲ್ಲಮ್ಮಾ," ಎನ್ನುತ್ತಿದ್ದರು. "ಹೋಗು. ಹೋಗಿ ಅವರನ್ನ ಕೂರಿಸು. ಇಲ್ಲದಿದ್ರೆ ಈ ವರ್ಷ ನಿನ್ನ ಥೀಸಿಸ್ ಇಲ್ಲ, ಪರೀಕ್ಷೇನೂ ಇಲ್ಲ."

ಹೊರಡುವ ಹೊತ್ತಿಗೆ ದೊಡ್ಡಮ್ಮನ ಫೋನು ಬಂತು. ಅವರು ಪಿಸುಮಾತಿನಲ್ಲಿ ಮಾತಾಡುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಶೀಲಾ, ನಿಮ್ಮ ದೊಡ್ಡಪ್ಪ ಬಳಿ ತಂದಾರ."

"ಬಳಿ?"

"ಹಸರ ಬಳಿ. ಒಂದ್ ಡಜನ್. ನನ್ನ ಡ್ಯೂಟಿ ಇರೋತನಕ ಕೈಗಿ ಬಳಿ ಹಾಕ್ಕೊಂಡವಳಲ್ಲ, ಆಮ್ಯಾಲೂ ಹಾಕ್ಕೊಂಡಿಲ್ಲ, ಅವರಿಗಿ ಗೊತ್ತದ. ಮದವಿ ಆದಾಗಿಂದ ಒಂದು ಹೂವಾ ತಂದವರಲ್ಲ. ನಿನ್ನಿ ಒಂದು ಕೀಲಿ ತಂದಾರ, ಮೊನ್ನಿ ಎರಡು ಪ್ಲಾಸ್ಟಿಕ್ ಮಗ್ಗು. ಅದರ ಹಿಂದಿನ ದಿನ ಪಾಟಿ, ಬಳಪ. ನಮ್ಮ ಮನ್ಯಾಗ ಪಾಟಿ ಯಾರಿಗಿ ಬೇಕು? ಕೇಳಿದ್ರ ಸುಮ್ನ ತಂದೆ ಅಂತಾರ. ತಲಿಗಿ ಏನರೆ ಆಗ್ಯಾದೇನು, ಬಂದು ನೋಡು."

ಆ ಸಂಜೆ ಭಾಲ್ಕಿಯಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು. ದೊಡ್ಡಪ್ಪ ಬೂಟಿನ ದಾರ ಕಟ್ಟುತ್ತಿದ್ದರು. ಅವರನ್ನು ಕೂರಿಸುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ.

"ದೊಡ್ಡಪ್ಪ, ದೀಪಾವಳಿ ತನಕ ಜರಾ ಮೊದಲಿನಂಗ ಕುಂದ್ರರಿ. ಆಮ್ಯಾಲ ಬೇಕಾದಷ್ಟು ನಡೀರಿ."

"ಡಾಕ್ಟರ್ ಆಗಿ ಕುಂದ್ರು ಅಂತೀಯಾ?"

"ನಾನೂ ಬರ್ತೇನಿ, ನಡೀರಿ," ಎಂದೆ. ದಾರಿಯಲ್ಲಾದರೂ ಒಪ್ಪಿಸಬಹುದೆಂಬ ಆಸೆ.

ಅವರು ಚುರುಕಾಗಿಯೇ ಹೊರಟರು. ಬೀದಿ ಮುಗಿಯುವ ಹೊತ್ತಿಗೆ ಮಾತು ಕಡಿಮೆಯಾಯಿತು. ತಿರುವು ದಾಟಿ ಸ್ವಲ್ಪ ದೂರ ಹೋದ ಮೇಲೆ ತಟ್ಟನೆ ನಿಂತು, ಅಲ್ಲಿದ್ದ ಕಬ್ಬಿಣದ ಸಾಮಾನಿನ ಅಂಗಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅಂಗಡಿಯವನು ಏನು ಬೇಕು ಎಂದ. ಒಂದು ಚಿಲಕ ಕೈಗೆತ್ತಿಕೊಂಡು ಹಿಂದೆ ಮುಂದೆ ಮಾಡಿ ನೋಡಿದರು. ಹೀಗೆ ಒಂದೆರಡು ನಿಮಿಷ. ಮತ್ತೆ ಹೊರಟೆವು. ಮತ್ತೆ ಅಷ್ಟೇ ದೂರ ಹೋದ ಮೇಲೆ ಪುಸ್ತಕ, ಪಾಟಿ ಮಾರುವ ಅಂಗಡಿ. ಅಲ್ಲೂ ನಿಂತರು. ಅದಾದ ಮೇಲೆ ಬಳೆ ಅಂಗಡಿ. ಅಂಗಡಿಯಾಕೆ ಇವರನ್ನು ಕಂಡೊಡನೆ ಹಳೆಯ ಗಿರಾಕಿಗೆ ಹಾಕುವ ಹಾಗೆ ಸ್ಟೂಲು ಹಾಕಿದಳು. ದೊಡ್ಡಪ್ಪ ಕೆಂಪು ಬಳೆಯೊಂದನ್ನು ಬೆಳಕಿಗೆ ಹಿಡಿದಿದ್ದರು, ಆದರೆ ಅವರ ಇನ್ನೊಂದು ಕೈ ಬಲಗಾಲಿನ ಮೀನಖಂಡವನ್ನು ಹಿಸುಕುತ್ತಿತ್ತು.

ಪುಸ್ತಕದಲ್ಲಿ ಓದಿದ ಪುಟ ಕಣ್ಣ ಮುಂದೆ ಬಂತು. ಕಾಲಿನ ರಕ್ತನಾಳ ಕಿರಿದಾದವರು ಒಂದಿಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ನಾಚಿಕೆಯವರು ಅಂಗಡಿ ನೋಡುವ ನೆಪ ಮಾಡಿ ನಿಲ್ಲುತ್ತಾರೆ ಎಂದು ನಮ್ಮ ಮೇಷ್ಟ್ರುಗಳು ನಗುತ್ತ ಪಾಠ ಮಾಡಿದ್ದರು. ನಾನೂ ನಕ್ಕಿದ್ದೆ.

"ದೊಡ್ಡಪ್ಪ, ಎಂದಿನಿಂದ ಹಿಂಗಾಗ್ತದ?"

"ಏನು?"

"ಕಾಲು."

ಅವರು ಬಳೆ ಕೆಳಗಿಟ್ಟರು. ಅಂಗಡಿಯಾಕೆ ಅರ್ಥಮಾಡಿಕೊಂಡವಳಂತೆ ಒಳಗೆ ಹೋದಳು. ದೊಡ್ಡಪ್ಪ ರಸ್ತೆ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದರು. "ರಿಟೈರ್ ಆಗೋಕಿಂತ ಮೊದಲಿಂದ. ಸಾಲಿಂದ ಬಸ್‌ಸ್ಟ್ಯಾಂಡಿಗಿ ಬರ್ಲಿಕ್ಕಾಗ್ತಿರ್ಲಿಲ್ಲ. ಕುಂತ್ರ ಏನೂ ಇಲ್ಲ. ಅದಕ್ಕ ಕುಂತೆ."

"ಯಾರಿಗೂ ಯಾಕ ಹೇಳ್ಲಿಲ್ಲ?"

"ನಿಮ್ಮ ಮುತ್ಯಾ, ನಮ್ಮಪ್ಪನ ಕಾಲು ನೀ ನೋಡಿಲ್ಲ. ನೀ ಹುಟ್ಟೂಕಿಂತ ಮೊದಲ ಹೋದ್ರು. ಅವರಿಗೂ ಹಿಂಗೇ ಶುರು ಆಗಿತ್ತು. ದವಾಖಾನಿಗಿ ಕರಕೊಂಡು ಹೋದ್ವಿ, ಮೊಣಕಾಲ ತನಕ ಕಡದ್ರು. ನಾನೇ ಸಹಿ ಮಾಡಿದ್ದು. ಕುಂತವನ ಕಾಲು ಯಾರೂ ನೋಡಂಗಿಲ್ಲ, ಬೇಟಾ."

ನಾನು ಬಗ್ಗಿ, ಬಳೆ ಅಂಗಡಿಯ ಮುಂದೆಯೇ ಅವರ ಬೂಟು ಕಾಲುಚೀಲ ಬಿಚ್ಚಿಸಿದೆ. ಎಡ ಪಾದದ ಮೇಲೆ ನಾಡಿ ಸಿಕ್ಕಿತು. ಬಲಕ್ಕೆ ಬೆರಳಿಟ್ಟು ಬಹಳ ಹೊತ್ತು ಹುಡುಕಿದೆ. ತೀರಾ ಕ್ಷೀಣವಾಗಿತ್ತು. "ಬೀಡಿ?" ಎಂದೆ.

"ದಿನಕ್ಕೊಂದು."

ಮನೆಗೆ ಬಂದು ದೊಡ್ಡಮ್ಮನನ್ನು ಕೇಳಿದಾಗ, "ಒಂದ್ ಕಟ್ಟು ಅನ್ನು," ಎಂದರು. "ಯಾಲಕ್ಕಿ ತಿಂದು ಬಂದ್ರ ನನಗ ತಿಳ್ಯಂಗಿಲ್ಲ ಅಂತ ತಿಳ್ಕೊಂಡಾರ." ಅಷ್ಟು ಹೇಳಿ ಅಡುಗೆಮನೆಗೆ ಹೋದರು. ಹಿಂದೆಯೇ ಹೋದೆ. ಕತ್ತಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಊರಿನವರ ಕಾಲಿಗೆಲ್ಲ ಪಟ್ಟಿ ಕಟ್ಟಿ, ಮನೆಯ ಕಾಲನ್ನು ಸೋಮಾರಿ ಎಂದು ಬೈದುಕೊಂಡು ಬಂದೆನಲ್ಲ ಎಂದರು. ಕೈಯಲ್ಲಿ ಆ ಹಸಿರು ಬಳೆಗಳಿದ್ದವು.

ಮಾರನೆಯ ದಿನವೇ ಬೀದರಿಗೆ ಕರೆತಂದೆವು. ದವಾಖಾನೆಯ ಮೆಟ್ಟಿಲಲ್ಲಿ ದೊಡ್ಡಪ್ಪ ನನ್ನ ಕೈ ಹಿಡಿದು, "ಸಹಿ ಯಾರಿಂದಲೂ ಮಾಡಿಸಬ್ಯಾಡ," ಎಂದರು. ಸರ್ಜನ್ ಪಾದದ ಹತ್ತಿರ ಪಟ್ಟಿ ಸುತ್ತಿ ಒತ್ತಡ ಅಳೆದರು, ಸ್ಕ್ಯಾನ್ ಮಾಡಿಸಿದರು, ಬಲ ತೊಡೆಯ ನಾಳ ಕಿರಿದಾಗಿದೆ ಎಂದು ತೋರಿಸಿದರು. ದೊಡ್ಡಪ್ಪ ಕಣ್ಣು ಮುಚ್ಚಿ ಕೂತಿದ್ದರು.

"ಈಗ ಕೊಯ್ಯೋದು ಏನೂ ಬೇಕಾಗಿಲ್ರಿ," ಎಂದರು ಸರ್ಜನ್. "ಬೀಡಿ ಪೂರ್ತಿ ಬಿಡಬೇಕು. ಗುಳಿಗಿ ತಪ್ಪಿಸಬಾರದು. ಮತ್ತ ದಿನಾ ನಡೀಬೇಕು. ನೋವು ಬರೋತನಕ ನಡೀರಿ, ನಿಲ್ಲರಿ, ಹೋದಮ್ಯಾಲ ಮತ್ತ ನಡೀರಿ."

ದೊಡ್ಡಪ್ಪ ಕಣ್ಣು ಬಿಟ್ಟರು. ಮೊದಲು ಸರ್ಜನ್ನನ್ನು, ಆಮೇಲೆ ದೊಡ್ಡಮ್ಮನನ್ನು, ಕೊನೆಗೆ ನನ್ನನ್ನು ನೋಡಿದರು. "ಅದನ್ನೇ ನಾ ಹದಿನೈದು ದಿನದಿಂದ ಮಾಡ್ಲತ್ತೀನಿ," ಎಂದರು. ಆ ಕ್ಷಣದಿಂದ ಅವರೊಡನೆ ಬದುಕುವುದು ಕಷ್ಟವಾಯಿತು. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಆ ಚಿಕಿತ್ಸೆ ತಾವೇ ಕಂಡುಹಿಡಿದ ಹಾಗೆ ವಿವರಿಸಿದರು.

"ಅಂಗಡಿಗಿ ಹೋಗ್ರಿ ಅಂತ ಡಾಕ್ಟರ್ ಹೇಳಿಲ್ಲ," ಎಂದರು ದೊಡ್ಡಮ್ಮ. "ನಿಲ್ಲೋದಿದ್ರ ಸುಮ್ನ ನಿಲ್ಲರಿ."

ಇನ್ನೊಂದು ಕಹಿ ಸುದ್ದಿ ನಾನೇ ಹೇಳಬೇಕಿತ್ತು. ನಾಳದ ತೊಂದರೆ ಇದ್ದವರು, ಬೀಡಿ ಸೇದುವವರು ನನ್ನ ಅಧ್ಯಯನದಲ್ಲಿ ಇರುವಂತಿಲ್ಲ.

"ಅಂದ್ರ ನನ್ನ ಹೆಸರ ಹೊಡದು ಹಾಕ್ತೀಯಾ?"

"ಹೌದ್ರಿ."

"ಹಾಜರಿ ಪಟ್ಟಿಯಿಂದ?" ಎಷ್ಟೋ ಮಕ್ಕಳ ಹೆಸರು ಹೊಡೆದು ಹಾಕಿದ ಹೆಡ್‌ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿದರು. ಭಾಲ್ಕಿ ಬಂದ ಮೇಲೆ ಇಳಿಯುತ್ತ, "ಮಲ್ಕಪ್ಪಗ ಇದು ತಿಳೀಬಾರದು," ಎಂದಷ್ಟೇ ಹೇಳಿದರು.

ಗೈಡ್ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಕೂರಿಸಲು ಹೋದವಳು ನಡೆಯಿರಿ ಎಂದು ಹೇಳಿ ಬಂದಿದ್ದೇನೆ, ಉಳಿದವರಿಗೂ ಕೂಡಿ ಎಂದು ಹೇಳುವುದು ನನ್ನಿಂದಾಗುವುದಿಲ್ಲ ಎಂದೆ. ಅವರ ತುಟಿ ಅಲ್ಲಾಡುವುದನ್ನೇ ಕಾದೆ. ಅಲ್ಲಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಹಾಗಾದ್ರೆ ನಡೆಯೋಕೆ ಮೊದಲು, ನಡೆದ ಮೇಲೆ ಅಂತ ಮಾಡು," ಎಂದರು. ದನಿ ಚೆನ್ನಾಗಿಯೇ ಕೇಳಿಸಿತು. "ಥೀಸಿಸ್ ಹೆಸರು ಬದಲಿಸೋಕೆ ಯೂನಿವರ್ಸಿಟಿಗೆ ನಾನು ಬರೀತೀನಿ. ಅವರ ಕಾಲು ಹೇಗಿದೆ ಈಗ?"

ದೀಪಾವಳಿಗೆ ಎರಡನೆಯ ಸುತ್ತು. ತೊಗರಿ ಹೂ ಬಿಟ್ಟ ಹೊಲಗಳ ನಡುವೆ ಮತ್ತೆ ಔರಾದ್ ಬಸ್ಸು, ಮತ್ತೆ ಮೀನಿನ ದರ. ಕುರಿಗಾರರ ರಕ್ತ ಮೊದಲಿನ ಹಾಗೇ ಇತ್ತು. ಭಾಲ್ಕಿಯವರದು ಚುರುಕಾಗಿತ್ತು, ಔಷಧ ಹಾಕದ ಟ್ಯೂಬಿನಲ್ಲೂ. ತಮ್ಮ ಅನಿಲವನ್ನು ತಾವೇ ತಯಾರಿಸಿಕೊಳ್ಳುತ್ತಿದ್ದಾರೆ ಎನ್ನುವುದಕ್ಕೆ ಅದು ಸಾಕ್ಷಿಯೆಂದು ಬರೆಯುವಷ್ಟು ಧೈರ್ಯ ನನಗಿರಲಿಲ್ಲ. ಹಾಗಿರಬಹುದು ಎಂದು ಬರೆದೆ.

ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತ ಕೇಳಿದರು. "ಇಷ್ಟು ಜನ ಒಬ್ಬರೂ ಬಿಡದೆ ನಡೆದಿದ್ದಾರೆ. ನಾವು ರೋಗಿಗಳಿಗೆ ತಲೆ ಚಚ್ಚಿಕೊಂಡು ಹೇಳಿದರೂ ನಡೆಯುವುದಿಲ್ಲ. ಏನು ಪ್ರೋತ್ಸಾಹ ಕೊಟ್ಟಿರಿ?"

ಗೈಡ್ ಕಡೆ ನೋಡಿದೆ. ಅವರು ಫ್ಯಾನು ನೋಡುತ್ತಿದ್ದರು.

"ಅವಮಾನ, ಸರ್," ಎಂದೆ.

ಪಾಸಾದೆ. ಪಾಸಾದ ಸುದ್ದಿ ತಿಳಿದು ದೊಡ್ಡಪ್ಪ ಸಿಹಿ ಕೇಳಲಿಲ್ಲ. ಬೀಡಿ ಬಿಟ್ಟು ತಿಂಗಳುಗಳಾಗಿದ್ದವು, ಮನೆಯಿಂದ ಚರ್ಚಿನವರೆಗೆ ಎಲ್ಲೂ ನಿಲ್ಲದೆ ಹೋಗುವಂತಾಗಿತ್ತು. "ನನ್ನ ರಕ್ತ ನನಗ ತೋರ್ಸು," ಎಂದರು. ಹಾಗೆ ಒಂದು ಬೆಳಗ್ಗೆ ದೊಡ್ಡಮ್ಮನ ಜೊತೆ ನಮ್ಮ ಲ್ಯಾಬಿಗೆ ಬಂದರು.

ಬೆರಳ ತುದಿಯಿಂದ ಒಂದು ಹನಿ ತೆಗೆದು, ಗಾಜಿನ ಮೇಲೆ ತೆಳ್ಳಗೆ ಹರಿಯುವಂತೆ ಮಾಡಿ ಮೈಕ್ರೋಸ್ಕೋಪಿಗೆ ಇಟ್ಟೆ. ದೊಡ್ಡಪ್ಪ ಬಗ್ಗಿ ಕಣ್ಣಿಟ್ಟರು. ಕಣಗಳು ಒಂದಕ್ಕೊಂದು ತಾಗಿ, ಇರುಕಿನಲ್ಲಿ ಬಾಗಿ, ಉದ್ದವಾಗಿ, ದಾಟಿದ ಮೇಲೆ ಮತ್ತೆ ದುಂಡಗಾಗುತ್ತಿದ್ದವು.

"ಇವು ನನ್ನವಾ?"

"ನಿಮ್ಮವೇ ರೀ."

"ಬಾಗ್ಲತ್ಯಾವಲ್ಲ."

"ಬಾಗ್ಲತ್ಯಾವ."

ಅವರು ತಲೆಯೆತ್ತಲೇ ಇಲ್ಲ. ದೊಡ್ಡಮ್ಮ ತಾವೂ ನೋಡಬೇಕೆಂದು ಭುಜ ತಟ್ಟಿದರೂ ಸರಿಯಲಿಲ್ಲ. "ನಮ್ಮಪ್ಪಗ ಯಾರಾದರೂ ಇದನ್ನ ತೋರ್ಸಿದ್ರ," ಎಂದು ಶುರುಮಾಡಿದರು, ಮುಗಿಸಲಿಲ್ಲ. ದೊಡ್ಡಮ್ಮ ಭುಜದ ಮೇಲಿಟ್ಟ ಕೈಯನ್ನು ಹಾಗೇ ಇಟ್ಟರು.

ಆಗ ಗೈಡ್ ತಮ್ಮ ರೂಮಿನ ಕುರ್ಚಿಯಿಂದಲೇ, "ನಮಸ್ಕಾರ ಮೇಷ್ಟ್ರೇ, ಆರಾಮಾಗಿದೀರಾ?" ಎಂದು ಕೂಗಿದರು. ದೊಡ್ಡಪ್ಪ ಮೈಕ್ರೋಸ್ಕೋಪು ಬಿಟ್ಟು ಬಾಗಿಲಲ್ಲಿ ಹೋಗಿ ನಿಂತರು. ಪ್ರೊಫೆಸರರನ್ನು, ಅವರ ಹೊಟ್ಟೆಯನ್ನು, ತಿರುಗುವ ಕುರ್ಚಿಯನ್ನು, ಕೈಗೆಟಕುವಂತೆ ಇಟ್ಟ ಫ್ಲಾಸ್ಕನ್ನು ಒಂದೊಂದಾಗಿ ನೋಡಿದರು.

"ನೀವೂ ಭಾಳ ಕುಂತೀರಿ ಕಾಣ್ತದ, ಸರ್," ಎಂದರು. "ಶೀಲಾ, ಇವರದ್ ಒಮ್ಮಿ ಸೋಸು."

ಗೈಡ್ ತುಟಿ ಅಲ್ಲಾಡಿಸಿದರು, ಏನೂ ಕೇಳಿಸಲಿಲ್ಲ. ಆಮೇಲೆ ಎದ್ದು ಬಂದು, ನನ್ನ ಮುಂದಿನ ಸ್ಟೂಲಿನ ಮೇಲೆ ಕೂತು, ಅಂಗಿಯ ತೋಳು ಮಡಚಿದರು.

ಒಬ್ಬೊಬ್ಬರದು ಹೇಳುವ ಹಾಗಿಲ್ಲ, ನಿಯಮ. ಆದರೆ ಅಲ್ಲಿಯವರೆಗೆ ವಿಭಾಗದ ಬಾಗಿಲಿಗೇ ಬಂದು ನಿಲ್ಲುತ್ತಿದ್ದ ಅವರ ಕಾರು, ಮರುದಿನದಿಂದ ಕಾಲೇಜಿನ ದೊಡ್ಡ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ನಿಲ್ಲತೊಡಗಿತು.